ರಾಜೀನಾಮೆ ಪತ್ರ ಇನ್ನೂ ನಿನ್ನ ಫೋನಿನಲ್ಲೇ ಇರಲಿ

ಪುಟ್ಟೀ,

ಹೋದ ಭಾನುವಾರ ಊಟ ಮುಗಿದ ಮೇಲೆ ನೀನು ಫೋನ್ ತೆಗೆದು ರಾಜೀನಾಮೆ ಪತ್ರ ತೋರಿಸಿದೆ. ತಾರೀಕಿನ ಜಾಗ ಒಂದನ್ನು ಬಿಟ್ಟು ಎಲ್ಲ ಬರೆದಿಟ್ಟಿದ್ದೆ. ನಾನು ಓದಿ ಫೋನ್ ವಾಪಸ್ ಕೊಟ್ಟೆ, ಏನೂ ಹೇಳಲಿಲ್ಲ. ಅಷ್ಟರಲ್ಲಿ ನಿನ್ನತ್ತೆ ಮಜ್ಜಿಗೆ ತಂದರು, ಮಾತು ಬೇರೆ ಕಡೆ ಹೊರಳಿತು. ಮಾವನಿಗೆ ಇಷ್ಟವಿಲ್ಲ ಅಂತ ನೀನು ತಿಳಿದುಕೊಂಡೆಯಂತೆ, ನಿಮ್ಮಮ್ಮ, ನನ್ನಕ್ಕ, ಫೋನ್ ಮಾಡಿ ಹೇಳಿದಳು. ಹಾಗಲ್ಲ ಕಣಮ್ಮಾ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಪೈಲಟ್ ಆಗುತ್ತೇನೆ ಅನ್ನುವವಳಿಗೆ ಹೂಂ ಅಥವಾ ಉಹೂಂ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಈ ಕಾಗದ.

ಪೈಲಟ್ ಆಗು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನೆಲ್ಲ ಓದುವಾಗ ಇದು ನಿನ್ನ ಮನಸ್ಸಿನಲ್ಲಿರಲಿ. ಆದರೆ ಆ ಪತ್ರವನ್ನು ಈಗಲೇ ಕಳಿಸಬೇಡ. ಈ ದಾರಿಯಲ್ಲಿ ಅರ್ಧ ಓದು, ಅರ್ಧ ಹಾರಾಟ. ಓದು ನೌಕರಿಯ ಜೊತೆ ನಡೆಯುತ್ತದೆ, ಹಾರಾಟ ನಡೆಯುವುದಿಲ್ಲ. ಇದರಲ್ಲಿ ಕೈಸೋತವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಬಹಳ ಮಂದಿ ಇದನ್ನೇ ತಿರುಗಾಮುರುಗಾ ಮಾಡಿದವರು. ಓದುವುದಕ್ಕೆಂದು ನೌಕರಿ ಬಿಟ್ಟರು. ದುಡ್ಡು ಕರಗಿತು. ಹಾರಾಟ ಶುರುವಾಗಬೇಕಾದ ಹೊತ್ತಿಗೆ ಮತ್ತೆ ನೌಕರಿ ಹುಡುಕಿಕೊಂಡು ಹೊರಟರು.

ನಾನು ವಿಮಾನ ಓಡಿಸಿದವನಲ್ಲ, ನಿನಗೆ ಗೊತ್ತು. ಮೂವತ್ತೊಂದು ವರ್ಷ ಹವಾಮಾನ ಇಲಾಖೆಯಲ್ಲಿದ್ದೆ, ಅದರಲ್ಲಿ ಹೆಚ್ಚು ಕಾಲ ವಿಮಾನ ನಿಲ್ದಾಣದ ಮೆಟ್ ಆಫೀಸಿನಲ್ಲಿ. ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ ಗಾಳಿ ಎತ್ತಲಿಂದ, ಮೋಡ ಎಷ್ಟು ಎತ್ತರದಲ್ಲಿ, ಕಣ್ಣಿಗೆ ಎಷ್ಟು ದೂರ ಕಾಣುತ್ತದೆ ಎಂದು ನೋಡಿ ಬರೆಯುವುದು, ಹಾರುವ ಮುಂಚೆ ಬರುವ ಪೈಲಟ್‌ಗಳಿಗೆ ಅದನ್ನು ವಿವರಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಮುರುಗೇಶಪಾಳ್ಯದ ಈ ಮನೆಯ ಊಟದ ಮೇಜಿನ ಮೇಲೆ ಪ್ರತಿ ಭಾನುವಾರ ಹುಡುಗ ಹುಡುಗಿಯರಿಗೆ ಹವಾಮಾನ, ನ್ಯಾವಿಗೇಶನ್ ಹೇಳಿಕೊಡುತ್ತಾ ಬಂದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿನ್ನ ಹಾಗೆ ನೌಕರಿಯಲ್ಲಿದ್ದವರು. ನನ್ನ ಮಾತಿಗೆ ಏನಾದರೂ ತೂಕವಿದ್ದರೆ ಅದು ಆ ಮೇಜಿನಿಂದ ಬಂದದ್ದು.

ಅಲ್ಲಿಗೆ ಒಬ್ಬ ಹುಡುಗ ಬರುತ್ತಿದ್ದ, ತುಮಕೂರು ಕಡೆಯವನು. ಬ್ಯಾಂಕಿನಲ್ಲಿ ಒಳ್ಳೆಯ ಹುದ್ದೆ. ನನ್ನ ಹತ್ತಿರ ಬರುವ ಹೊತ್ತಿಗೆ ಅದನ್ನು ಬಿಟ್ಟಾಗಿತ್ತು, ಒಂದು ಕೋಚಿಂಗ್‌ಗೆ ದುಡ್ಡು ಕಟ್ಟಿಯೂ ಆಗಿತ್ತು. ಬುದ್ಧಿವಂತ. ಗಾಳಿಯ ತ್ರಿಕೋನದ ಲೆಕ್ಕವನ್ನು ನಾನು ಹೇಳಿಕೊಟ್ಟ ಮರುವಾರವೇ ಬೇರೆಯವರಿಗೆ ಹೇಳಿಕೊಡುತ್ತಿದ್ದ. ಐದು ತಿಂಗಳಾದ ಮೇಲೆ ಮೆಡಿಕಲ್‌ಗೆ ಹೋದ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಪುಸ್ತಕ ನೀನು ನೋಡಿರಬಹುದು. ಕೆಲವು ಪುಟಗಳಲ್ಲಿ ಅವನಿಗೆ ಅಂಕಿಯೇ ಕಾಣಲಿಲ್ಲ. ಆಮೇಲೆ ಬೇರೆ ಪರೀಕ್ಷೆಗಳನ್ನೂ ಮಾಡಿದರು, ಅಲ್ಲೂ ಆಗಲಿಲ್ಲ. ಹುಟ್ಟಿನಿಂದ ಇದ್ದ ದೋಷ, ಅವನಿಗೇ ಗೊತ್ತಿರಲಿಲ್ಲ. ಆ ಭಾನುವಾರ ಬಂದು ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟು, ‘ಯಾರಿಗಾದರೂ ಕೊಡಿ ಸಾರ್’ ಅಂದ. ನಿನ್ನತ್ತೆ ಊಟಕ್ಕೆ ಕೂರಿಸಿದರು, ಒಂದು ತುತ್ತೂ ಇಳಿಯಲಿಲ್ಲ. ಕೆಲವು ಸಾವಿರ ರೂಪಾಯಿ, ಒಂದೆರಡು ದಿನದ ರಜೆ. ಮೊದಲೇ ಅಷ್ಟು ಮಾಡಿದ್ದರೆ ಆ ಹುಡುಗನ ನೌಕರಿ ಉಳಿಯುತ್ತಿತ್ತು.

ಆದ್ದರಿಂದ ಎಲ್ಲಕ್ಕಿಂತ ಮುಂಚೆ ನಿನ್ನ ಮೆಡಿಕಲ್ ಆಗಲಿ. ಮೊದಲು ಕ್ಲಾಸ್ 2, ಡಿಜಿಸಿಎ, ಅಂದರೆ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ, ಒಪ್ಪಿದ ವೈದ್ಯರ ಹತ್ತಿರ. ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ ಅದು ಸಾಕು. ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ಸಂಬಳಕ್ಕೆ ವಿಮಾನ ಓಡಿಸಬೇಕಾದರೆ ಕ್ಲಾಸ್ 1 ಬೇಕು, ಅದು ಇನ್ನೂ ಬಿಗಿ. ಕಣ್ಣು, ಕಿವಿ, ಹೃದಯ, ರಕ್ತ, ಎದೆಯ ಎಕ್ಸ್‌ರೇ ಎಲ್ಲ ನೋಡುತ್ತಾರೆ. ಮೊದಲ ಸಲದ ಕ್ಲಾಸ್ 1 ಮಾಡುವ ಜಾಗಗಳಲ್ಲಿ ಒಂದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ನಿನ್ನ ಕನ್ನಡಕದ ಬಗ್ಗೆ ಹೆದರಬೇಡ. ಹಾಕಿಕೊಂಡಾಗ ದೃಷ್ಟಿ ಸರಿಯಿದ್ದರೆ ಅಡ್ಡಿಯಿಲ್ಲ. ಏನನ್ನೂ ಮುಚ್ಚಿಡಬೇಡ ಅಷ್ಟೆ. ಚಿಕ್ಕವಳಿದ್ದಾಗ ನಿನಗೆ ಉಬ್ಬಸ ಬರುತ್ತಿತ್ತು, ಹಾಸನದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆ. ಅದನ್ನೂ ಹೇಳು. ಈಗ ಹೇಳಿ ತಪಾಸಣೆಗೆ ಒಡ್ಡಿಕೊಂಡರೆ ಅದು ಅಲ್ಲಿಗೇ ತೀರ್ಮಾನವಾಗುತ್ತದೆ. ಮುಚ್ಚಿಟ್ಟದ್ದು ಹತ್ತು ವರ್ಷ ಬಿಟ್ಟು ಹೊರಬಿದ್ದರೆ ಲೈಸೆನ್ಸೇ ಹೋಗುತ್ತದೆ.

ಮೆಡಿಕಲ್ ಆಯಿತು ಅಂದುಕೊ. ಆಮೇಲೆ ಓದು. ಪಿಯುಸಿಯಲ್ಲಿ ನೀನು ಫಿಸಿಕ್ಸ್, ಮ್ಯಾಥ್ಸ್ ಓದಿದವಳು, ಆ ಬಾಗಿಲು ತೆರೆದೇ ಇದೆ. ಪರೀಕ್ಷೆಗೆ ಕೂರಲು ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್ ತೆಗೆದುಕೊಳ್ಳಬೇಕು. ಅದಕ್ಕೆ ಅಂಕಪಟ್ಟಿಯನ್ನು ಬೋರ್ಡಿನಿಂದ ದೃಢೀಕರಿಸಿ ತರಬೇಕಾಗುತ್ತದೆ, ಕಾಗದ ಓಡಾಡಲು ವಾರಗಟ್ಟಲೆ ಹಿಡಿಯುತ್ತದೆ. ನೌಕರಿ ಬಿಟ್ಟು ಕೂತವನಿಗೆ ಆ ವಾರಗಳು ಖರ್ಚು, ನೌಕರಿಯಲ್ಲಿರುವವಳಿಗೆ ಅದರ ನೆನಪೂ ಇರುವುದಿಲ್ಲ. ಏರ್ ನ್ಯಾವಿಗೇಶನ್, ಮೀಟಿಯರಾಲಜಿ, ಏರ್ ರೆಗ್ಯುಲೇಶನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್ ಅಂತ ಪತ್ರಿಕೆಗಳು. ಪ್ರತಿಯೊಂದರಲ್ಲೂ ನೂರಕ್ಕೆ 70 ಬರಬೇಕು. ಇವುಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಆರ್‌ಟಿಆರ್ ಪರೀಕ್ಷೆ ಬೇರೆ. ಎಲ್ಲವನ್ನೂ ಒಟ್ಟಿಗೆ ಕಟ್ಟಬೇಕೆಂದಿಲ್ಲ. ಒಂದೊಂದಾಗಿ ಕಟ್ಟು. ನಿನ್ನ ಕೆಲಸದ ನಡುವೆ ಮೂರು ತಿಂಗಳಿಗೆ ಒಂದು ಪತ್ರಿಕೆ ಅಂದರೂ ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ.

ಟೈಮ್ ಎಲ್ಲಿದೆ ಮಾವ, ಅನ್ನುತ್ತೀಯ. ವಿಜಯನಗರದಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುವವಳು ನೀನು. ನೇರಳೆ ಮಾರ್ಗದಲ್ಲಿ ಆ ಕಡೆ ಒಂದು ಗಂಟೆ, ಈ ಕಡೆ ಒಂದು ಗಂಟೆ. ರೆಗ್ಯುಲೇಶನ್ಸ್ ಅನ್ನುವುದು ನಿಂತುಕೊಂಡು ಓದಬಹುದಾದ ಪುಸ್ತಕ, ಅದು ಬಾಯಿಪಾಠದ ವಿಷಯ. ಆರ್‌ಟಿಆರ್‌ಗೆ ಒಬ್ಬ ಹುಡುಗಿ ಒಂದು ಉಪಾಯ ಕಂಡುಕೊಂಡಿದ್ದಳು. ಸ್ಕೂಟರ್ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಮುಂದಿನ ಗಾಡಿಯ ನಂಬರ್ ಪ್ಲೇಟನ್ನು ರೇಡಿಯೋ ಭಾಷೆಯಲ್ಲಿ ಓದುತ್ತಿದ್ದಳು. ಕೆಎ 53 ಅಂದರೆ ಕಿಲೋ ಆಲ್ಫಾ ಫೈಫ್ ಟ್ರೀ. ಒಂಬತ್ತು ಬಂದರೆ ನೈನರ್. ಸಿಲ್ಕ್ ಬೋರ್ಡ್ ಜಂಕ್ಷನ್ ನನಗೆ ಪಾಠಶಾಲೆಯಾಯಿತು ಸಾರ್, ಅಂದಳು. ಪರೀಕ್ಷೆಯ ಕೋಣೆಯಲ್ಲಿ ಅವಳ ನಾಲಿಗೆ ಎಲ್ಲೂ ತಡವರಿಸಲಿಲ್ಲವಂತೆ.

ಆದರೆ ನ್ಯಾವಿಗೇಶನ್, ಮೀಟಿಯರಾಲಜಿ ಎರಡಕ್ಕೂ ಮೇಜು ಬೇಕು, ಪೆನ್ಸಿಲ್ ಬೇಕು, ನಿದ್ದೆಯಾದ ತಲೆ ಬೇಕು. ರಾತ್ರಿ ಹನ್ನೊಂದರ ತನಕ ಅಮೆರಿಕದವರ ಜೊತೆ ಕಾಲ್‌ನಲ್ಲಿದ್ದು ಆಮೇಲೆ ಪುಸ್ತಕ ತೆಗೆದರೆ ಕಣ್ಣು ಓದುತ್ತದೆ, ತಲೆಗೆ ಇಳಿಯುವುದಿಲ್ಲ. ಕಾಲ್ ಇಲ್ಲದ ದಿನ ಬೇಗ ಮಲಗಿ ಬೆಳಿಗ್ಗೆ ಐದರಿಂದ ಆರೂವರೆ ತನಕ ಕೂರು. ವಾರಕ್ಕೆ ನಾಲ್ಕು ದಿನ ಸಿಕ್ಕರೂ ಸಾಕು.

ಇದನ್ನು ಸುಮ್ಮನೆ ಅಂಕ ತೆಗೆಯುವ ಓದು ಅಂದುಕೊಳ್ಳಬೇಡ. ಮೇಜಿನ ಮೇಲೆ ನಾನು ಎಲ್ಲರಿಗೂ ಮೊದಲು ಮಾಡಿಸುವ ಒಂದು ಲೆಕ್ಕವಿದೆ. ಜಕ್ಕೂರಿನ ರನ್‌ವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಮೇಲೆ ಹೋದಂತೆ ಸಾವಿರ ಅಡಿಗೆ ಹತ್ತಿರಹತ್ತಿರ 2 ಡಿಗ್ರಿ ಕಡಿಮೆ ಎಂದು ಪ್ರಮಾಣ ವಾತಾವರಣದ ಲೆಕ್ಕ. ಹಾಗಾದರೆ ಜಕ್ಕೂರಿನಲ್ಲಿ 9 ಡಿಗ್ರಿ ಇರಬೇಕು. ಆದರೆ ಏಪ್ರಿಲ್ ಮಧ್ಯಾಹ್ನ ಅಲ್ಲಿ ಇರುವುದು 34. ಹೆಚ್ಚಾದದ್ದು 25 ಡಿಗ್ರಿ. ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸಬೇಕು, ಅಂದರೆ 3,000 ಅಡಿ. ಒಟ್ಟು 6,000. ನೆಲ ಅಲ್ಲೇ ಇದೆ, ಗಾಳಿ ತೆಳುವಾಗಿದೆ. ವಿಮಾನದ ಎಂಜಿನ್ನಿಗೂ ರೆಕ್ಕೆಗೂ ಆ ಹೊತ್ತಿನಲ್ಲಿ ಜಕ್ಕೂರು ನಂದಿ ಬೆಟ್ಟದ ನೆತ್ತಿಗಿಂತ ಸಾವಿರ ಅಡಿ ಮೇಲಿರುವ ಜಾಗ. ಇಬ್ಬರು ಕೂತ ಪುಟ್ಟ ಸೆಸ್ನಾ ಬೆಳಿಗ್ಗೆ ಆರೂವರೆಗೆ ಸಲೀಸಾಗಿ ಏರಿದ್ದು ಮಧ್ಯಾಹ್ನ ಎರಡಕ್ಕೆ ಯಾಕೆ ಅಷ್ಟು ಉದ್ದ ಓಡಿ, ಅಷ್ಟು ನಿಧಾನ ಏರುತ್ತದೆ ಅನ್ನುವುದಕ್ಕೆ ಉತ್ತರ ಇದು. ಈ ಲೆಕ್ಕ ಕೂಡಿಸಿ ಮುಗಿಸಿದಾಗ ಪ್ರತಿಯೊಬ್ಬರೂ ಪೆನ್ಸಿಲ್ ಕೆಳಗಿಟ್ಟು ಒಂದು ಕ್ಷಣ ಕಿಟಕಿಯಾಚೆ ನೋಡುತ್ತಾರೆ. ಆ ಕ್ಷಣಕ್ಕಾಗಿ ನಾನು ಇನ್ನೂ ಪಾಠ ಮಾಡುತ್ತಿದ್ದೇನೆ ಅಂದರೂ ತಪ್ಪಿಲ್ಲ. ನೆಲದ ಮೇಲೆ ಕೂತು ಇದನ್ನು ಅರಗಿಸಿಕೊಂಡವಳಿಗೆ, ಗಂಟೆಗೆ ಸಾವಿರಾರು ರೂಪಾಯಿ ತೆತ್ತು ಆಕಾಶದಲ್ಲಿ ಕಲಿಯಬೇಕಾದದ್ದು ಅಷ್ಟು ಕಡಿಮೆಯಾಗುತ್ತದೆ.

ಇನ್ನು ಹಾರಾಟ. ಶನಿವಾರ ಭಾನುವಾರ ಜಕ್ಕೂರಿಗೆ ಹೋಗಿ ಕಲಿಯುತ್ತೇನೆ, ಸೋಮವಾರ ಆಫೀಸಿಗೆ ಹೋಗುತ್ತೇನೆ ಅನ್ನುವುದು ನಿನ್ನ ಎರಡನೆಯ ಯೋಚನೆ. ಜಕ್ಕೂರಿನ ಮೇಲೆ ನನಗೂ ಪ್ರೀತಿ. ದಶಕಗಳಿಂದ ನಮ್ಮ ಸರ್ಕಾರದ ಹಾರಾಟ ಶಾಲೆ ಅಲ್ಲಿದೆ, ಸುತ್ತ ಊರು ಬೆಳೆದು ಬೇಲಿಯ ತನಕ ಬಂದಿದೆ. ಆದರೆ ಲೆಕ್ಕ ನೋಡು. ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದದ್ದು 200 ಗಂಟೆ. ಅದರಲ್ಲಿ 100 ಗಂಟೆ ನೀನೇ ವಿಮಾನದ ಹೊಣೆ ಹೊತ್ತು ಹಾರಿದ್ದಾಗಿರಬೇಕು. ಒಂದು ಊರಿನಿಂದ ಇನ್ನೊಂದು ಊರಿಗೆ ಹಾರುವ ಕ್ರಾಸ್ ಕಂಟ್ರಿ 20 ಗಂಟೆ, ಅದರಲ್ಲಿ ಒಮ್ಮೆ 300 ನಾಟಿಕಲ್ ಮೈಲಿ ಹಾರಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಬರಬೇಕು. ಉಪಕರಣಗಳನ್ನಷ್ಟೇ ನೋಡಿ ಹಾರುವುದು 10 ಗಂಟೆ, ರಾತ್ರಿ 5 ಗಂಟೆ. ವಾರಕ್ಕೊಂದು ಗಂಟೆ ಸಿಕ್ಕಿತು, ಒಂದು ವಾರವೂ ತಪ್ಪಲಿಲ್ಲ ಅಂದರೂ 200 ಗಂಟೆಗೆ ನಾಲ್ಕು ವರ್ಷ ಬೇಕು. ತಪ್ಪದೆ ಇರುತ್ತದೆಯೇ? ನನ್ನ ಕೆಲಸವೇ ಅದನ್ನು ಬರೆದಿಡುವುದಾಗಿತ್ತು. ನವೆಂಬರ್‌ನಿಂದ ಫೆಬ್ರುವರಿ ತನಕ ಬೆಳಗಿನ ಮಂಜು. ಏಪ್ರಿಲ್ ಮೇನಲ್ಲಿ ಮಧ್ಯಾಹ್ನ ಮೂರಾಯಿತು ಅಂದರೆ ಮೂಡಲಲ್ಲೋ ತೆಂಕಲಲ್ಲೋ ಗುಡುಗಿನ ಮೋಡ ಎದ್ದು ನಿಲ್ಲುತ್ತದೆ. ಜೂನ್‌ನಿಂದ ಪಡುವಣ ಗಾಳಿ ಜೋರು, ಮೋಡ ತಗ್ಗಿನಲ್ಲಿ. ಇವೆಲ್ಲ ಸರಿಯಿದ್ದ ಶನಿವಾರ ವಿಮಾನ ರಿಪೇರಿಗೆ ನಿಂತಿರುತ್ತದೆ, ಇಲ್ಲವೆ ಇನ್‌ಸ್ಟ್ರಕ್ಟರ್ ರಜೆಯಲ್ಲಿರುತ್ತಾರೆ. ಆ 200 ಗಂಟೆಯೂ ಲೈಸೆನ್ಸ್‌ಗೆ ಅರ್ಜಿ ಹಾಕುವ ಹಿಂದಿನ ಐದು ವರ್ಷದೊಳಗಿನದಾಗಿರಬೇಕು ಅನ್ನುವ ನಿಯಮ ಬೇರೆ ಇದೆ.

ಲೆಕ್ಕಕ್ಕಿಂತ ದೊಡ್ಡದು ಕೈ. ವಿಮಾನ ಇಳಿಸುವುದು ಕೈ ಕಲಿಯುವ ವಿದ್ಯೆ, ವೀಣೆಯ ಹಾಗೆ. ಮೂರು ವಾರ ಬಿಟ್ಟು ಬಂದರೆ ಕೈ ಹಿಂದಕ್ಕೆ ಹೋಗಿರುತ್ತದೆ. ಆಗ ಹಳೆಯ ಪಾಠವನ್ನೇ ಮತ್ತೆ ಮಾಡಿಸುತ್ತಾರೆ, ನೀನು ಅದೇ ಗಂಟೆಗೆ ಎರಡನೆಯ ಸಲ ದುಡ್ಡು ಕಟ್ಟುತ್ತೀಯ. ದಿನಾ ಹಾರುವವನು ಸೋಲೋ ಹೋಗಿ, ಅಂದರೆ ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬನೇ ಹಾರಿ ಇಳಿದು, ಇನ್ನೂ ಮುಂದಕ್ಕೆ ಹೋಗಿರುತ್ತಾನೆ. ಶನಿವಾರದವನು ಇನ್ನೂ ಲ್ಯಾಂಡಿಂಗ್ ತಿದ್ದುತ್ತಿರುತ್ತಾನೆ. ದಣಿದ ಮೈಯ ಮಾತೂ ಇದೆ. ಶುಕ್ರವಾರ ರಾತ್ರಿ ಒಂದು ಗಂಟೆಗೆ ರಿಲೀಸ್ ಮುಗಿಸಿ ಶನಿವಾರ ಬೆಳಿಗ್ಗೆ ಕಾಕ್‌ಪಿಟ್‌ನಲ್ಲಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಇದರಲ್ಲಿ ನನ್ನ ಹತ್ತಿರ ರಾಜಿಯಿಲ್ಲ.

ಆದ್ದರಿಂದ ಪತ್ರಿಕೆಗಳೆಲ್ಲ ಪಾಸಾಗಿ, ಕ್ಲಾಸ್ 1 ಕೈಯಲ್ಲಿದ್ದು, ದುಡ್ಡು ಸೇರಿದ ಮೇಲೆ ಪೂರ್ತಿ ಹೋಗು. ಒಂದೂವರೆ ವರ್ಷ ಅಂತ ಇಟ್ಟುಕೊ. ನಿನ್ನ ಕಂಪನಿಯಲ್ಲಿ ಸಂಬಳವಿಲ್ಲದ ದೀರ್ಘ ರಜೆ ಕೊಡುತ್ತಾರೆಯೇ ಎಂದು ಕೇಳಿ ನೋಡು. ಕೊಡದಿದ್ದರೆ ಆಗ ತಾರೀಕು ತುಂಬಿ ಆ ಪತ್ರ ಕಳಿಸು. ನಾನೇ ಸಿಹಿ ತರುತ್ತೇನೆ.

ಎಲ್ಲಿಗೆ ಹೋಗುವುದು ಅನ್ನುವುದನ್ನು ಜಾಹೀರಾತು ನೋಡಿ ನಿರ್ಧರಿಸಬೇಡ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಅಕಾಡೆಮಿಯಿದೆ, ಮಹಾರಾಷ್ಟ್ರದ ಗೊಂದಿಯಾ, ಬಾರಾಮತಿಗಳಲ್ಲಿ ಶಾಲೆಗಳಿವೆ. ನಮ್ಮ ಬೆಳಗಾವಿ, ಕಲಬುರಗಿ ನಿಲ್ದಾಣಗಳನ್ನೂ 2021ರಲ್ಲಿ ಹೊಸ ತರಬೇತಿ ಶಾಲೆಗಳಿಗೆ ಆರಿಸಿದರು. ಹೊರದೇಶದಲ್ಲಿ ಗಂಟೆಗಳು ಬೇಗ ಮುಗಿಯಬಹುದು, ಬಂದ ಮೇಲೆ ಇಲ್ಲಿನ ಪರೀಕ್ಷೆ ಕಟ್ಟಿ ಲೈಸೆನ್ಸ್ ಬದಲಾಯಿಸಿಕೊಳ್ಳಬೇಕು. ಎಲ್ಲೇ ಆಗಲಿ, ಡಿಜಿಸಿಎ ಪಟ್ಟಿಯಲ್ಲಿ ಆ ಶಾಲೆ ಇದೆಯೇ ನೋಡು, ಈಚೆಗೆ ಶಾಲೆಗಳಿಗೆ ದರ್ಜೆಯನ್ನೂ ಕೊಡತೊಡಗಿದ್ದಾರೆ, ಅದನ್ನೂ ನೋಡು. ಆಮೇಲೆ ನೀನೇ ಹೋಗಿ ಎರಡು ದಿನ ಇರು. ಬೆಳಿಗ್ಗೆ ಏಳಕ್ಕೆ ಬೇಲಿಯ ಹತ್ತಿರ ನಿಂತು, ನಿಂತಿರುವ ವಿಮಾನಗಳನ್ನು ಬಿಟ್ಟು ಹಾರುತ್ತಿರುವ ವಿಮಾನಗಳನ್ನು ಎಣಿಸು. ಗೇಟಿನಾಚೆಯ ಟೀ ಅಂಗಡಿಯಲ್ಲಿ ಹುಡುಗರು ಸಿಗುತ್ತಾರೆ. ಸೇರಿ ಎಷ್ಟು ತಿಂಗಳಾಯಿತು, ಎಷ್ಟು ಗಂಟೆಯಾಯಿತು, ಈ ಎರಡೇ ಪ್ರಶ್ನೆ ಕೇಳು. ನನ್ನ ಹತ್ತಿರ ಓದಿದ ಒಬ್ಬ ಹುಡುಗ ರಿಯಾಯಿತಿ ಸಿಗುತ್ತದೆಂದು ಪೂರ್ತಿ ದುಡ್ಡು ಒಂದೇ ಸಲ ಕಟ್ಟಿದ. ಎಂಜಿನ್ ಬಿಡಿಭಾಗ ಬರಲಿಲ್ಲ ಅಂತ ವಿಮಾನಗಳು ನಿಂತವು. ಹನ್ನೊಂದು ತಿಂಗಳಲ್ಲಿ ಅವನ ಲಾಗ್‌ಬುಕ್ಕಿನಲ್ಲಿ 26 ಗಂಟೆ. ದುಡ್ಡು ವಾಪಸ್ ಕೇಳಲು ಕೈಯಲ್ಲಿ ಸರಿಯಾದ ಕರಾರೂ ಇರಲಿಲ್ಲ. ಹಾರಿದಷ್ಟಕ್ಕೆ ಕಂತಿನಲ್ಲಿ ಕಟ್ಟುವ ಏರ್ಪಾಟು ಇರುವ ಕಡೆಗೇ ಹೋಗು.

ದುಡ್ಡಿನ ಮಾತು ಬಂದಾಗ ನೀನು ಮುಖ ತಿರುಗಿಸುತ್ತೀಯ, ಆದರೂ ಹೇಳಬೇಕು. ಲೈಸೆನ್ಸ್ ತನಕ ಈಗಿನ ಲೆಕ್ಕದಲ್ಲಿ ಐವತ್ತು ಲಕ್ಷ ಹಿಡಿ. ಆ ಲೈಸೆನ್ಸ್ ಬಂದ ಕೂಡಲೇ ಏರ್‌ಬಸ್‌ನಲ್ಲಿ ಕೂರಿಸುವುದಿಲ್ಲ. ಆಯಾ ವಿಮಾನದ ಟೈಪ್ ರೇಟಿಂಗ್ ಆಗಬೇಕು, ಅದಕ್ಕೆ ಮತ್ತೆ ಹದಿನೈದು ಇಪ್ಪತ್ತು ಲಕ್ಷ. ಐವತ್ತು ಲಕ್ಷವನ್ನು ಶೇಕಡಾ 11ರ ಬಡ್ಡಿಗೆ ಹತ್ತು ವರ್ಷಕ್ಕೆ ಸಾಲ ತೆಗೆದರೆ ತಿಂಗಳ ಕಂತು ಸುಮಾರು 69 ಸಾವಿರ. ನಾನು ಎರಡು ಸಲ ಲೆಕ್ಕ ಹಾಕಿ ನೋಡಿದೆ. ಕೆಲಸ ಸಿಕ್ಕಿದ ಮೇಲೆ ಅದನ್ನು ಕಟ್ಟಬಹುದು. ಕೆಲಸ ಸಿಗುವ ತನಕ ಯಾರು ಕಟ್ಟುತ್ತಾರೆ? ನಿಮ್ಮಪ್ಪ ವಿಜಯನಗರದ ಮನೆ ಪತ್ರ ಕೊಡಲು ಸಿದ್ಧರಿದ್ದಾರೆ ಅಂತ ಗೊತ್ತು. ತೆಗೆದುಕೊಳ್ಳಬೇಡ. ಆ ಮನೆ ಅವರ ಮುಪ್ಪಿನ ಆಸರೆ. ಓದು ಮುಗಿಯುವ ಈ ಒಂದೂವರೆ ಎರಡು ವರ್ಷ ನಿನ್ನ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತಿಡು. ಈಗ ಕೂಡಿಟ್ಟಿರುವುದೂ ಸೇರಿ ಅರ್ಧ ಖರ್ಚು ನಿನ್ನದೇ ಆದಾಗ ಉಳಿದರ್ಧಕ್ಕೆ ಸಾಲ ತೆಗೆ. ಆಮೇಲಿನ ಒಂದು ವರ್ಷ ಕೆಲಸವಿಲ್ಲದೆ ಬದುಕುವಷ್ಟನ್ನು ಬೇರೆಯಾಗಿ ಮುಟ್ಟದೆ ಇಡು.

ಆ ಒಂದು ವರ್ಷ ಯಾಕೆ ಅಂತೀಯಾ? ವಿಮಾನ ಕಂಪನಿಗಳ ಕಾಲ ಒಂದೇ ಸಮನೆ ಇರುವುದಿಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನ ಕೊಳ್ಳುವುದಾಗಿ ಹೇಳಿದಾಗ ನನ್ನ ಮೇಜಿನ ಸುತ್ತ ಕುರ್ಚಿ ಸಾಲಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಂತಿತು. ಅದಕ್ಕೂ ಮುಂಚೆ 2012ರಲ್ಲಿ ಕಿಂಗ್‌ಫಿಶರ್, 2019ರ ಏಪ್ರಿಲ್‌ನಲ್ಲಿ ಜೆಟ್, 2020ರಲ್ಲಿ ಕೊರೊನಾ. ಕಂಪನಿಯೊಂದು ನಿಂತಾಗ ಅದರಲ್ಲಿದ್ದ ಅನುಭವಿ ಪೈಲಟ್‌ಗಳು ಉಳಿದ ಕಂಪನಿಗಳ ಬಾಗಿಲಿಗೆ ಬರುತ್ತಾರೆ, 200 ಗಂಟೆಯ ಹೊಸಬರು ಸಾಲಿನ ಕೊನೆಗೆ ಹೋಗುತ್ತಾರೆ. ಅವರಲ್ಲಿ ಯೋಗ್ಯತೆ ಕಡಿಮೆ ಅಂತಲ್ಲ. ನಿನ್ನ ಕೈಯಲ್ಲಿ ಸಾಫ್ಟ್‌ವೇರ್ ವಿದ್ಯೆ ಇದೆ. ಹಾರಾಟದ ದಿನಗಳಲ್ಲೂ ಅದಕ್ಕೆ ತುಕ್ಕು ಹಿಡಿಯಲು ಬಿಡಬೇಡ, ಕಾಯುವ ಕಾಲದಲ್ಲಿ ಅದು ನಿನಗೆ ಅನ್ನ ಹಾಕುತ್ತದೆ.

ಈಗ ನಾನು ಕೇಳಲೇಬೇಕಾದ ಒಂದು ಮಾತು. ‘ಡೆಸ್ಕ್ ಮುಂದೆ ಕೂತು ಸಾಕಾಗಿದೆ ಮಾವ’ ಅಂದೆ. ಆಫೀಸಿನಿಂದ ಓಡುತ್ತಿದ್ದೀಯೋ, ಆಕಾಶಕ್ಕೆ ಹೋಗುತ್ತಿದ್ದೀಯೋ? ಪೈಲಟ್‌ನದೂ ಕೂತು ಮಾಡುವ ಕೆಲಸ. ವರ್ಷಕ್ಕೆ ಸಾವಿರ ಗಂಟೆಯ ತನಕ ಹಾರಿಸಬಹುದು. ಬೆಳಗಿನ ಜಾವ ಮೂರಕ್ಕೆ ಕಾರು ಬರುತ್ತದೆ. ಯುಗಾದಿಗೆ ಯಾವುದೋ ಊರಿನ ಹೋಟೆಲಿನಲ್ಲಿರುತ್ತೀಯ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ, ವರ್ಷ ವರ್ಷ ಮೆಡಿಕಲ್. ಪರೀಕ್ಷೆಗಳು ನಿವೃತ್ತಿಯ ತನಕ ಮುಗಿಯುವುದಿಲ್ಲ.

ಒಂದು ಡಿಸೆಂಬರ್ ಬೆಳಿಗ್ಗೆ ನೆನಪಿದೆ. ದಟ್ಟ ಮಂಜು, ರನ್‌ವೇಯ ಆಚೆ ಬದಿಯ ದೀಪಗಳು ಕಾಣುತ್ತಿರಲಿಲ್ಲ. ವಯಸ್ಸಾದ ಒಬ್ಬ ಕ್ಯಾಪ್ಟನ್ ನಮ್ಮ ಕೋಣೆಗೆ ಬಂದರು. ನಾನು ಬರೆದ ಹಾಳೆ ನೋಡಿದರು. ಇಬ್ಬನಿ ಬಿಂದುವಿಗೂ ಉಷ್ಣತೆಗೂ ವ್ಯತ್ಯಾಸ ಎಷ್ಟಿದೆ, ಗಾಳಿ ಎಷ್ಟು ಹೊತ್ತಿಗೆ ಏಳಬಹುದು ಎಂದು ಕೇಳಿದರು. ಎಂಟೂವರೆಯ ಮುಂಚೆ ಬಿಡುವ ಹಾಗೆ ಕಾಣುವುದಿಲ್ಲ ಅಂದೆ. ಹೊರಗೆ ಪ್ರಯಾಣಿಕರು ರೇಗುತ್ತಿದ್ದರು, ಕಂಪನಿಯವರು ಬಾಗಿಲಿಗೆ ಬಂದು ಬಂದು ನೋಡುತ್ತಿದ್ದರು. ಅವರು ಕ್ಯಾಪ್ ತೆಗೆದು ಮೇಜಿನ ಮೇಲಿಟ್ಟು, ಕಾಫಿ ತರಿಸಿಕೊಂಡು, ಜೊತೆಗಿದ್ದ ಚಿಕ್ಕ ಹುಡುಗನಿಗೆ ಇಡೀ ಒಂದೂಮುಕ್ಕಾಲು ಗಂಟೆ ಮಂಜಿನ ಬಗ್ಗೆ ಪಾಠ ಹೇಳಿದರು. ಒಮ್ಮೆಯೂ ಗಡಿಯಾರ ನೋಡಲಿಲ್ಲ. ನನಗೆ ಪೈಲಟ್ ಅಂದಾಗ ಕಣ್ಣ ಮುಂದೆ ಬರುವುದು ಅವರು. ಆ ಕುರ್ಚಿಯಲ್ಲಿ ಕೂತ ನಿನ್ನನ್ನು ಕಲ್ಪಿಸಿಕೊಂಡು ನೋಡು. ಅದೂ ಇಷ್ಟವಾದರೆ ನೀನು ಆಕಾಶಕ್ಕೇ ಹೋಗುತ್ತಿದ್ದೀಯ.

ಹಾರಬೇಕು, ಆದರೆ ಅದರ ನೌಕರಿ ಬೇಡ ಅನ್ನಿಸಿದರೆ ಅದರಲ್ಲಿ ಸೋಲೇನೂ ಇಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸ್ ಅಂತ ಇದೆ, 40 ಗಂಟೆಯ ಹಾರಾಟ ಸಾಕು. ಸಂಬಳ ತೆಗೆದುಕೊಂಡು ಹಾರುವ ಹಾಗಿಲ್ಲ, ಸಂತೋಷಕ್ಕೆ ಹಾರಬಹುದು. ನಿನ್ನ ಶನಿವಾರಗಳು ಅದಕ್ಕೆ ಸಾಲುತ್ತವೆ. ಜೆ.ಆರ್.ಡಿ. ಟಾಟಾ 1929ರ ಫೆಬ್ರುವರಿ 10ರಂದು ಭಾರತದ ಮೊದಲನೆಯ ನಂಬರಿನ ಲೈಸೆನ್ಸ್ ಪಡೆದಾಗ ಅವರಿಗೆ 24 ವರ್ಷ, ತಂದೆ ತೀರಿಕೊಂಡು ಮನೆತನದ ವ್ಯವಹಾರ ಹೆಗಲಿಗೆ ಬಂದಿತ್ತು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆ ಹೊತ್ತು ತಂದರು. ಹಾರಾಟವನ್ನು ಅವರು ಹೊಟ್ಟೆಪಾಡು ಮಾಡಿಕೊಂಡವರಲ್ಲ, ಪ್ರೀತಿ ಕಡಿಮೆಯಾಗಲೂ ಇಲ್ಲ. ಆ ಅಂಚೆ ಹಾರಾಟಕ್ಕೆ ಐವತ್ತು ವರ್ಷ ತುಂಬಿದಾಗ, 1982ರಲ್ಲಿ, ಅದೇ ದಾರಿಯನ್ನು ಮತ್ತೆ ಹಾರಿದರು, 78ರ ವಯಸ್ಸಿನಲ್ಲಿ.

ವಯಸ್ಸಾಯಿತು ಅನ್ನುವ ಆತುರ ನಿನ್ನದು. ವಿಮಾನ ಕಂಪನಿಯ ಪೈಲಟ್ 65ರ ತನಕ ಹಾರಬಹುದು. ನಿನಗೆ ಇನ್ನೂ ಮೂವತ್ತೇಳು ವರ್ಷ ಇದೆ. ಅದರಲ್ಲಿ ಎರಡು ವರ್ಷ ಓದಿಗೂ ಉಳಿತಾಯಕ್ಕೂ ಹೋದರೆ ಕಳೆದುಹೋಯಿತು ಅನ್ನಬೇಡ.

ಅಕ್ಕನ ಬಗ್ಗೆ. ಅವಳು ಫೋನಿನಲ್ಲಿ ಅತ್ತಳು, ನಿನಗೆ ಹೇಳಬೇಡ ಅಂದಳು, ಆದರೂ ಹೇಳುತ್ತಿದ್ದೇನೆ. ಮದುವೆಯ ಮಾತು ನಿಂತುಹೋಗುತ್ತದೆ ಅನ್ನುವ ದುಗುಡ ಒಂದು ಕಡೆ. ಅದಕ್ಕಿಂತ ದೊಡ್ಡದು, ವಿಮಾನ ಬೀಳುತ್ತದೆ ಅನ್ನುವ ಭಯ. ಅದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ, ಮದುವೆಯ ಹೆಸರು ಹೇಳುತ್ತಾಳೆ. ನೀನು ಮದುವೆಯ ಬಗ್ಗೆ ವಾದ ಮಾಡುತ್ತೀಯ, ಅವಳ ಭಯ ಹಾಗೇ ಉಳಿಯುತ್ತದೆ. ವಾದ ಬಿಡು. ಒಂದು ಬೆಳಿಗ್ಗೆ ಅವಳನ್ನು ಜಕ್ಕೂರಿಗೆ ಕರೆದುಕೊಂಡು ಹೋಗು. ಹಾರುವ ಮುಂಚೆ ಹುಡುಗರು ಕೈಯಲ್ಲಿ ಪಟ್ಟಿ ಹಿಡಿದು ವಿಮಾನದ ಸುತ್ತ ನಡೆಯುತ್ತಾರೆ, ರೆಕ್ಕೆಯ ತುದಿ ಮುಟ್ಟುತ್ತಾರೆ, ಇಂಧನವನ್ನು ಗಾಜಿನ ಬಟ್ಟಲಿಗೆ ಇಳಿಸಿ ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಅವಳು ಅಕ್ಕಿ ಆರಿಸುವಾಗ ನೋಡುವ ಹಾಗೆಯೇ. ಬೇಲಿಯಾಚೆಯಿಂದಲಾದರೂ ಅದನ್ನು ಅವಳು ನೋಡಲಿ. ನಿನ್ನ ಮಾತಿಗಿಂತ ಆ ಬಟ್ಟಲು ಅವಳಿಗೆ ಅರ್ಥವಾಗುತ್ತದೆ.

ಬುಧವಾರದೊಳಗೆ ಕ್ಲಾಸ್ 2 ಮೆಡಿಕಲ್‌ಗೆ ಡಾಕ್ಟರ ಹತ್ತಿರ ಟೈಮ್ ತೆಗೆದುಕೊ. ಭಾನುವಾರ ಒಂಬತ್ತು ಗಂಟೆಗೆ ಬಂದುಬಿಡು, ಪಿಯುಸಿ ಅಂಕಪಟ್ಟಿ ತಾ. ಮೊದಲ ದಿನಕ್ಕೆ ಪುಸ್ತಕ ಬೇಡ, ಪೆನ್ಸಿಲ್ ಮತ್ತು ಉದ್ದನೆಯ ಸ್ಕೇಲ್ ಸಾಕು. ನನ್ನ ಹಳೆಯ ದುಂಡು ಫ್ಲೈಟ್ ಕಂಪ್ಯೂಟರನ್ನು ಕಪಾಟಿನಿಂದ ತೆಗೆದು ಒರೆಸಿ ಇಟ್ಟಿದ್ದೇನೆ. ಗಾಳಿಯ ಬದಿಯ ತಟ್ಟೆ ಸ್ವಲ್ಪ ಬಿಗಿಯಾಗಿದೆ, ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಬೇಕು.

ನಿನ್ನ ಮಾವ